ಊರು ಕಟ್ಟುವುದನ್ನು ಕಲಿಯಲು ಹೊರಟವರು



ನಗರ ಯೋಜನೆ ಓದುವವರಲ್ಲಿ ನೇರ ದಾರಿ ಹಿಡಿದು ಬಂದವರು ಕಡಿಮೆ. ಡಾಕ್ಟರೇ ಆಗಬೇಕೆಂದು ಹೈಸ್ಕೂಲಿನಿಂದ ಹಟ ಹಿಡಿದ ಮಕ್ಕಳನ್ನು ನೋಡಿದ್ದೇನೆ. ಊರಿನ ನಕ್ಷೆ ಮಾಡುವವನಾಗಬೇಕೆಂದು ಹಟ ಹಿಡಿದ ಹುಡುಗನನ್ನು ಇನ್ನೂ ನೋಡಿಲ್ಲ. ಈ ವಿಷಯಕ್ಕೆ ಜನ ಬರುವುದೆಲ್ಲ ಪಕ್ಕದ ಬಾಗಿಲಿನಿಂದ. ಒಬ್ಬರು ಆರ್ಕಿಟೆಕ್ಚರ್ ಓದಿ, ಒಂದೊಂದೇ ಕಟ್ಟಡದ ಕೆಲಸ ಸಾಕೆನಿಸಿ ಬರುತ್ತಾರೆ. ಇನ್ನೊಬ್ಬರು ಭೂಗೋಳದಿಂದ, ಮತ್ತೊಬ್ಬರು ಕಾನೂನಿನಿಂದ. ಲಂಡನ್ನಿನಲ್ಲಿ ನನ್ನ ಜೊತೆ ಓದಿದವರಲ್ಲಿ ನೈಜೀರಿಯಾದ ಪತ್ರಕರ್ತೆಯೊಬ್ಬಳಿದ್ದಳು. ಲೇಗಾಸ್ ನಗರಕ್ಕೆ ನೀರು ನುಗ್ಗಿದ ಸುದ್ದಿಯನ್ನು ಪ್ರತಿ ಮಳೆಗಾಲವೂ ಬರೆದೂ ಬರೆದೂ ಬೇಸತ್ತು, ಮಳೆಗಿಂತ ಹೆಚ್ಚಿನ ಪಾಲು ಯಾರೋ ಕಚೇರಿಯಲ್ಲಿ ಕೂತು ಹಾಕಿದ ಸಹಿಯದು ಎಂದು ಖಾತ್ರಿಯಾಗಿ ಬಂದವಳು. ನಾನು ಬಂದದ್ದು ಸಿವಿಲ್ ಇಂಜಿನಿಯರಿಂಗ್‌ನಿಂದ.

ಹೊರದೇಶಕ್ಕೆ ಹೋಗಿ ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂದಿರುವ ಹುಡುಗ ಹುಡುಗಿಯರು ಈಗ ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಅವರಿಗಾಗಿ, ಅವರ ಖರ್ಚು ಹೊರುವ ತಂದೆತಾಯಿಗಳಿಗಾಗಿಯೂ ಇವತ್ತಿನ ಮಾತು. ನಾನು ನಡೆದ ದಾರಿಯೂ ಇದರಲ್ಲಿ ಬರುತ್ತದೆ. ಆದರೆ ನನಗಿಂತ ಎಷ್ಟೋ ಮುಂಚೆ ಇಂಗ್ಲೆಂಡಿಗೆ ಹೋದ ಒಬ್ಬ ವಿದ್ಯಾರ್ಥಿಯ ಕಥೆ ಅದಕ್ಕಿಂತ ಮುಖ್ಯ.

ಮೊದಲು ನನ್ನದನ್ನು ಹೇಳಿ ಮುಗಿಸುತ್ತೇನೆ. ಡಿಗ್ರಿ ಆದ ಮೇಲೆ ಹುಬ್ಬಳ್ಳಿಯ ಒಂದು ಸಣ್ಣ ಕಚೇರಿಯಲ್ಲಿ ಲೇಔಟ್ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದೆ. ಊರ ಹೊರಗಿನ ಹೊಲ ಎನ್.ಎ. ಆಗಿ ಬರುತ್ತದೆ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿ ಬರುತ್ತದೆ. ಆ ಸರ್ವೆ ನಂಬರಿನ ಗಡಿಯನ್ನು ಕಂಪ್ಯೂಟರಿನಲ್ಲಿ ಎಳೆದುಕೊಂಡು ಒಳಗೆ ಮೂವತ್ತು–ನಲವತ್ತರ ಸೈಟುಗಳನ್ನು ಕೂರಿಸಬೇಕು. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಎಷ್ಟು ಜಾಗ, ಸಿ.ಎ. ಅಂದರೆ ನಾಗರಿಕ ಸೌಲಭ್ಯದ ಸೈಟಿಗೆ ಎಷ್ಟು ಎಂಬುದಕ್ಕೆಲ್ಲ ನಿಯಮ ಇದೆ. ಹೊಲಕ್ಕೆ ಮಾತ್ರ ನಿಯಮ ಇಲ್ಲ. ಒಂದು ಬದಿಗೆ ಹಳ್ಳ, ಇನ್ನೊಂದು ಬದಿಗೆ ಬಂಡಿದಾರಿ, ಅಣ್ಣತಮ್ಮಂದಿರ ಪಾಲಿನಲ್ಲಿ ಸೊಟ್ಟಗಾದ ಬದು. ಸೈಟುಗಳನ್ನೆಲ್ಲ ಜೋಡಿಸಿ ಮುಗಿಸಿದಾಗ ಯಾವ ಸೈಟಿಗೂ ಆಗಿಬರದ ಒಂದು ತ್ರಿಕೋನ ಮೂಲೆಯಲ್ಲಿ ಉಳಿದುಬಿಡುತ್ತದೆ. ಅದಕ್ಕೆ ಹಸಿರು ತುಂಬಿ ‘ಪಾರ್ಕ್’ ಎಂದು ಬರೆದರೆ ನಕ್ಷೆ ತಯಾರು. ನಮ್ಮ ಬಡಾವಣೆಗಳಲ್ಲಿ ಮಕ್ಕಳು ಚೆಂಡಾಡಲಾಗದಷ್ಟು ಚೂಪು ಮೂಲೆಯ ಪಾರ್ಕುಗಳು ಯಾಕಿವೆ ಎಂದು ನೀವು ಎಂದಾದರೂ ಯೋಚಿಸಿದ್ದರೆ, ಉತ್ತರ ಬಹುಮಟ್ಟಿಗೆ ಇದೇ.

ಆ ತ್ರಿಕೋನಕ್ಕಿಂತ ನನ್ನನ್ನು ಕಾಡಿದ್ದು ರಸ್ತೆ. ಒಂದು ಹೊಲ ಈ ವರ್ಷ ಲೇಔಟ್ ಆಗುತ್ತದೆ, ಪಕ್ಕದ ಹೊಲ ಮತ್ತೆ ಯಾವಾಗಲೋ. ಈ ಲೇಔಟಿನ ರಸ್ತೆ ಬಂದು ಬದುವಿಗೆ ನಿಲ್ಲುತ್ತದೆ. ಆಚೆಯ ಲೇಔಟಿನ ರಸ್ತೆ ಹತ್ತಡಿ ಪಕ್ಕಕ್ಕೆ ಸರಿದು ಬಂದು ಅದೇ ಬದುವಿಗೆ ನಿಲ್ಲುತ್ತದೆ. ನಡುವೆ ಕಾಂಪೌಂಡ್ ಗೋಡೆ ಏಳುತ್ತದೆ. ಗೋಡೆಯ ಈಚೆ ಮನೆಯ ಹುಡುಗನಿಗೆ ಶಾಲೆಯ ಗಂಟೆ ಕೇಳಿಸುತ್ತದೆ, ಶಾಲೆಗೆ ಹೋಗಬೇಕಾದರೆ ಮಾತ್ರ ಮೇನ್ ರೋಡಿಗೆ ಬಂದು, ಲಾರಿಗಳ ನಡುವೆ ಸುತ್ತು ಹಾಕಿ ಹೋಗಬೇಕು. ನಿಯಮದ ಪ್ರಕಾರ ಎರಡು ನಕ್ಷೆಯೂ ಸರಿ, ಎರಡರ ಮಂಜೂರಾತಿಯೂ ಸರಿ. ಎರಡು ಸರಿ ಸೇರಿ ಊರು ತಪ್ಪಾಗಿದೆ. ಊರಿನ ಬೀದಿ ಎಲ್ಲಿ ಹೋಗಬೇಕೆಂಬುದನ್ನು ಹೊಲದ ಬದುವೇ ತೀರ್ಮಾನಿಸುವುದಾದರೆ ನಕ್ಷೆ ಬಿಡಿಸುವವರು ಯಾಕೆ ಬೇಕು? ಕಚೇರಿಯಲ್ಲಿ ಕೇಳಿದರೆ, ಇದು ಹೀಗೇ ನಡೆದುಕೊಂಡು ಬಂದದ್ದು ಎಂದರು.

ಓದಲು ಲಂಡನ್ನಿಗೆ ಹೋಗುತ್ತೇನೆಂದಾಗ ಗದಗಿನ ನಮ್ಮ ಕಾಕಾ ನಕ್ಕುಬಿಟ್ಟರು. “ಏನವಾ, ಊರು ಕಟ್ಟೂದನ್ನ ಕಲಿಯಾಕ ಲಂಡನ್ನಿಗೆ ಹೋಗಬೇಕೇನು? ಊರು ತಾನ ಕಟ್ಟಿಕೊಂತೈತಿ.”

“ತಾನ ಕಟ್ಟಿಕೊಂಡಿದ್ದಕ್ಕ ಹಿಂಗಾಗೇತಿ ಕಾಕಾ,” ಎಂದೆ. ಅವರು ಒಪ್ಪಲಿಲ್ಲ. ಅವರ ಮಾತಿಗೆ ಮುಂದೆ ಬರುತ್ತೇನೆ. ಅದು ನಕ್ಕು ಬಿಡುವಂಥ ಮಾತಾಗಿರಲಿಲ್ಲ.

ಈಗ ಆ ಇನ್ನೊಬ್ಬ ವಿದ್ಯಾರ್ಥಿಯ ಕಥೆ. 1952ರ ಸುಮಾರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಡೆಡೊಕುನ್ ಅಡೆಯೆಮಿ ಎಂಬ ನೈಜೀರಿಯಾದ ಯುವಕ ಆರ್ಕಿಟೆಕ್ಚರ್ ಓದುತ್ತಿದ್ದ. ಆಗಿನ್ನೂ ನೈಜೀರಿಯಾ ಬ್ರಿಟಿಷರ ಅಧೀನದಲ್ಲಿತ್ತು. ತರಗತಿಯಲ್ಲಿ ಹೇಳಿಕೊಡುತ್ತಿದ್ದುದೆಲ್ಲ ಚಳಿ ದೇಶದ ಕಟ್ಟಡ ವಿದ್ಯೆ: ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ, ಬಿಸಿಯನ್ನು ಹೊರಗೆ ಹೋಗದಂತೆ ಹಿಡಿದಿಡುವುದು ಹೇಗೆ. ಓದು ಮುಗಿಸಿ ಅವನು ಕೆಲಸ ಮಾಡಬೇಕಾದದ್ದು ಬಿಸಿಲನ್ನು ತಡೆಯಬೇಕಾದ, ಗಾಳಿಯನ್ನು ಕರೆಯಬೇಕಾದ ಊರಿನಲ್ಲಿ. ಇಲ್ಲಿ ಕಲಿಯುತ್ತಿರುವುದು ನನ್ನ ದೇಶದ ಕೆಲಸಕ್ಕೆ ಒದಗುವುದಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಿದ. ಎಷ್ಟೋ ಮಂದಿ ಮನಸ್ಸಿನಲ್ಲೇ ಹೇಳಿಕೊಂಡು, ಸರ್ಟಿಫಿಕೇಟು ಮಡಚಿಟ್ಟುಕೊಂಡು ಊರಿಗೆ ಮರಳಿರುತ್ತಾರೆ. ಇವನ ಮಾತು ಅಲ್ಲಿಗೇ ನಿಲ್ಲಲಿಲ್ಲ. 1953ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಅದರ ಹಿಂದೆಯೇ, 1954ರಲ್ಲಿ, ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ದೇಶಗಳಿಗೆಂದೇ ಒಂದು ವಿಭಾಗ ತೆರೆಯಿತು. ಮೊದಲ ಮುಖ್ಯಸ್ಥರು ಮ್ಯಾಕ್ಸ್‌ವೆಲ್ ಫ್ರೈ, ನಮ್ಮ ಚಂಡೀಗಢ ಕಟ್ಟಿದವರಲ್ಲಿ ಒಬ್ಬರು. ಢಾಕಾದ ಹೆಸರಾಂತ ವಾಸ್ತುಶಿಲ್ಪಿ ಮಜಹರುಲ್ ಇಸ್ಲಾಂ ಕೂಡ ಅಲ್ಲಿ ಓದಿದವರೇ. ಅವರೂ ಮೊದಲು ಇಂಜಿನಿಯರು, ಆಮೇಲೆ ಅಮೆರಿಕದಲ್ಲಿ ಆರ್ಕಿಟೆಕ್ಚರ್ ಓದಿ ಬಂದವರು.

ಫ್ರೈ ಅವರ ನಂತರ ಆ ವಿಭಾಗವನ್ನು ವಹಿಸಿಕೊಂಡವರ ಹೆಸರನ್ನು ಕರ್ನಾಟಕದವರು ನೆನಪಿಟ್ಟುಕೊಳ್ಳಬೇಕಿತ್ತು. ಓಟೋ ಕೊನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ದೇಶ ಬಿಟ್ಟು ಈಜಿಪ್ಟಿಗೆ ಹೋದವರು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಕೊನಿಗ್ಸ್‌ಬರ್ಗರ್ ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಅದಕ್ಕೂ ಕೆಲವೇ ವರ್ಷ ಮುಂಚೆ ಸಿ. ವಿ. ರಾಮನ್ ಅವರ ಕರೆಯ ಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಹೋಗಿದ್ದರು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಆವರಣದಲ್ಲಿ ಈ ಅಳಿಯ ಕಟ್ಟಿಸಿದ ಕಟ್ಟಡಗಳು ಈಗಲೂ ಇವೆ. ಬಿಸಿಲಿಗೆ ಅಡ್ಡವಾಗಿ ಚಾಚಿದ ಸಜ್ಜಾಗಳನ್ನು, ಗಾಳಿ ಆಡುವ ಮೊಗಸಾಲೆಗಳನ್ನು ನೋಡಿದರೆ ಬರ್ಲಿನ್ನಿನಲ್ಲಿ ಓದಿದವರು ಬೆಂಗಳೂರಿಗೆ ಬಂದು ಮತ್ತೊಮ್ಮೆ ಓದಿದ್ದಾರೆ ಎನಿಸುತ್ತದೆ. ಜಮ್‌ಶೆಡ್‌ಪುರದ ಯೋಜನೆ, 1948ರಲ್ಲಿ ಭುವನೇಶ್ವರದ ಯೋಜನೆ ಅವರ ಕೈಯಿಂದ ಬಂತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದವರಿಗೆ ದೆಹಲಿಯ ಕಾರ್ಖಾನೆಯೊಂದರಲ್ಲಿ ಗೋಡೆ, ಚಾವಣಿಗಳನ್ನೇ ಅಚ್ಚು ಹಾಕಿ ಮನೆ ಜೋಡಿಸಿಕೊಡುವ ಯೋಜನೆ ಸೋತಿತು. 1951ರಲ್ಲಿ ಅವರು ಲಂಡನ್ನಿಗೆ ಹೋದರು.

ಆಮೇಲೆ ಅವರು ಹೇಳಿಕೊಟ್ಟ ಪಾಠದಲ್ಲಿ ಈ ಸೋಲಿನ ನೆರಳಿದೆ ಎಂಬುದು ನನ್ನ ಊಹೆ. ವೇಗವಾಗಿ ಬೆಳೆಯುವ ಊರಿಗೆ ಇಪ್ಪತ್ತು ವರ್ಷದ ಮಾಸ್ಟರ್ ಪ್ಲಾನ್ ಬರೆದು, ಅದು ಮಂಜೂರಾಗುವ ತನಕ ಕಾಯುತ್ತ ಕೂತರೆ ಊರು ಕಾಯುವುದಿಲ್ಲ. ಇರುವ ದುಡ್ಡು, ಇರುವ ಜನ ನೋಡಿಕೊಂಡು ಈಗಲೇ ಕೆಲಸ ಶುರು ಮಾಡಿ, ಮಾಡುತ್ತ ತಿದ್ದಿಕೊಳ್ಳಿ ಎಂದು 1960ರ ದಶಕದಲ್ಲಿ ಅವರು ವಾದಿಸಿದರು. ಸಿಂಗಪುರ, ಲೇಗಾಸ್ ನಗರಗಳಿಗೆ ವಿಶ್ವಸಂಸ್ಥೆ ಕಳಿಸಿದ ತಜ್ಞರ ತಂಡಗಳಲ್ಲೂ ಅವರಿದ್ದರು. ಅವರ ವಿಭಾಗ 1971ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸ್ಥಳಾಂತರವಾಗಿ ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಎಂಬ ಹೆಸರು ಪಡೆಯಿತು. ಈಗದು ಟ್ಯಾವಿಸ್ಟಾಕ್ ಸ್ಕ್ವೇರ್‌ನಲ್ಲಿದೆ. ಎದುರಿನ ಉದ್ಯಾನದಲ್ಲಿ ಪದ್ಮಾಸನ ಹಾಕಿ ಕೂತ ಗಾಂಧೀಜಿ. ನಾನು ಓದಿದ್ದು ಅಲ್ಲಿ. ಹುಬ್ಬಳ್ಳಿಯಿಂದ ಅಲ್ಲಿಗೆ ಹೋದ ನನಗೆ ಆ ಸಂಸ್ಥೆಯ ವಂಶಾವಳಿಯಲ್ಲಿ ಮೈಸೂರು ಸಂಸ್ಥಾನ ಇದೆ ಎಂದು ಗೊತ್ತಾದದ್ದು ಅಲ್ಲಿನ ಗ್ರಂಥಾಲಯದಲ್ಲೇ.

ಈ ಕಥೆಯನ್ನು ಇಷ್ಟು ಹಿಗ್ಗಿಸಿ ಹೇಳಲು ಕಾರಣ ಇದೆ. ಇದರಿಂದ ನಮ್ಮೂರಿಗೆ ಏನು ಎಂದು ಹೊರದೇಶದ ವಿದ್ಯಾರ್ಥಿಯೊಬ್ಬ ಕೇಳಿದ್ದಕ್ಕೆ ಒಂದು ವಿಭಾಗವೇ ಹುಟ್ಟಿತು. ಇವತ್ತು ಹೊರದೇಶದಿಂದ ಓದಲು ಹೋಗುವವರು ಕೂರುವುದು ಅಂಥವನು ಜಗಳ ಮಾಡಿ ಗಳಿಸಿಕೊಟ್ಟ ಬೆಂಚಿನ ಮೇಲೆ. ಪ್ರಶ್ನೆ ಇಲ್ಲದೆ ಹೋದರೂ ಪದವಿ ಸಿಗುತ್ತದೆ, ಇಲ್ಲವೆನ್ನುವುದಿಲ್ಲ. ಓದು ಸಿಗುವುದು ಕಷ್ಟ.

ನಾನೀಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವರ್ಷವರ್ಷವೂ ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗರು ಉದ್ದೇಶ ಪತ್ರ ಹಿಡಿದುಕೊಂಡು ಬರುತ್ತಾರೆ, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅನ್ನುತ್ತಾರಲ್ಲ, ಅದು. “ಮೇಡಂ, ಸ್ವಲ್ಪ ನೋಡಿಕೊಡಿ.” ಮೊದಲ ಸಾಲು ಹೆಚ್ಚುಕಡಿಮೆ ಒಂದೇ: ಬಾಲ್ಯದಿಂದಲೂ ನನಗೆ ನಗರಗಳೆಂದರೆ ಆಸಕ್ತಿ. ಎರಡನೆಯದು, ಜಗತ್ತು ವೇಗವಾಗಿ ನಗರೀಕರಣಗೊಳ್ಳುತ್ತಿದೆ. ಆ ವಿಶ್ವವಿದ್ಯಾಲಯದ ಮೇಷ್ಟರಿಗೆ ಜಗತ್ತು ನಗರೀಕರಣಗೊಳ್ಳುತ್ತಿರುವುದು ಗೊತ್ತಿದೆ, ಅವರಿಗೆ ಗೊತ್ತಿಲ್ಲದಿರುವುದು ನಿನ್ನ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಏನಾಗುತ್ತಿದೆ ಎಂಬುದು, ಅದನ್ನು ಬರಿ ಎನ್ನುತ್ತೇನೆ. ದಾವಣಗೆರೆಯ ಕಡೆಯ ಹುಡುಗಿಯೊಬ್ಬಳು ಮುಚ್ಚಿದ ಹತ್ತಿ ಗಿರಣಿಗಳ ಜಾಗ ಏನಾಗುತ್ತಿದೆ, ಅಲ್ಲಿ ದುಡಿದವರ ಓಣಿಗಳು ಏನಾದವು ಎಂದಷ್ಟೇ ಬರೆದಳು. ಎರಡು ಪುಟ. ಒಂದೂ ದೊಡ್ಡ ಮಾತಿಲ್ಲ. ಅವಳಿಗೆ ಸೀಟು ಸಿಕ್ಕಿತು.

ದುಡ್ಡಿನ ವಿಷಯ. ಬ್ರಿಟನ್ನಿನಲ್ಲಿ ಈ ಓದು ಸಾಮಾನ್ಯವಾಗಿ ಒಂದು ವರ್ಷ, ಅಮೆರಿಕದಲ್ಲಿ ಎರಡು ವರ್ಷ. ಹೊರದೇಶದವರಿಗೆ ಫೀ ಸ್ಥಳೀಯರಿಗಿಂತ ಬಹಳ ಜಾಸ್ತಿ. ಮನೆ ಅಡವಿಟ್ಟು ಸಾಲ ತೆಗೆಯುವ ಮೊದಲು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಚೆವ್ನಿಂಗ್ ವಿದ್ಯಾರ್ಥಿವೇತನ, 1892ರಿಂದ ನಡೆದುಬಂದಿರುವ ಜೆ. ಎನ್. ಟಾಟಾ ದತ್ತಿಯ ಸಾಲ ರೂಪದ ನೆರವು, ಪರಿಶಿಷ್ಟ ಸಮುದಾಯಗಳ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ, ಇವನ್ನೆಲ್ಲ ವಿಚಾರಿಸಿ. ಚೆವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಿ ಇರಬೇಕು. ಈ ಷರತ್ತು ಕೇಳಿದೊಡನೆ ಕೆಲವರ ಮುಖ ಬಾಡುತ್ತದೆ. ನನ್ನನ್ನು ಕೇಳಿದರೆ, ನಗರ ಯೋಜನೆಯ ಮಟ್ಟಿಗೆ ಇದು ಶಿಕ್ಷೆಯಲ್ಲ. ಸಾಫ್ಟ್‌ವೇರ್ ಯಾವ ದೇಶದಲ್ಲಿ ಬರೆದರೂ ಓಡುತ್ತದೆ. ಊರು ಹಾಗಲ್ಲ. ಅದಕ್ಕೆ ಅಲ್ಲಿಯ ಕಾನೂನು, ಅಲ್ಲಿಯ ಭಾಷೆ, ಅಲ್ಲಿಯ ಜಗಳ ಗೊತ್ತಿರಬೇಕು.

ಹೋದ ಮೇಲೆ ಮೊದಲ ಕೆಲವು ತಿಂಗಳು ಕಷ್ಟ. ನಮ್ಮೂರಿನ ಪ್ರಶ್ನೆ ಹೊತ್ತು ಹೋದವರು ಮೊದಲು ಪರರ ಊರಿನ ಇತಿಹಾಸ ಕಲಿಯಬೇಕು. ಅಮೆರಿಕಕ್ಕೆ ಹೋದವರಿಗೆ 1926ರ ಯೂಕ್ಲಿಡ್ ಮೊಕದ್ದಮೆಯಿಂದ ಪಾಠ ಶುರುವಾಗುತ್ತದೆ. ಯೂಕ್ಲಿಡ್ ಎಂದರೆ ಇಲ್ಲಿ ರೇಖಾಗಣಿತದ ಯೂಕ್ಲಿಡ್ ಅಲ್ಲ, ಒಹಾಯೋ ರಾಜ್ಯದ ಒಂದು ಊರು. ಮನೆಗಳ ವಲಯ ಬೇರೆ, ಅಂಗಡಿ, ಕಾರ್ಖಾನೆಗಳ ವಲಯ ಬೇರೆ ಎಂದು ಗೆರೆ ಎಳೆಯುವ ಅಧಿಕಾರ ಊರಾಡಳಿತಕ್ಕೆ ಇದೆ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ ಒಪ್ಪಿದ ಪ್ರಕರಣ ಅದು. ಆಮೇಲೆ 1930ರ ದಶಕದ ಸಾಲದ ನಕ್ಷೆಗಳು: ಕಪ್ಪು ಜನ ವಾಸಿಸುವ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಡುವುದು ಅಪಾಯ ಎಂದು ಸೂಚಿಸಿದವು. ಇದು ಗೊತ್ತಿಲ್ಲದೆ ಆ ದೇಶದ ಒಂದು ಬೀದಿಯನ್ನೂ ಅರ್ಥ ಮಾಡಿಕೊಳ್ಳಲಾಗದು. ನಮ್ಮ ಹುಡುಗರಿಗೆ ಇದು ಅಷ್ಟೇನೂ ಹೊಸದೆನಿಸುವುದಿಲ್ಲ. ಯಾವ ಕೇರಿ ಊರಿನ ಯಾವ ದಿಕ್ಕಿಗೆ ಇರಬೇಕೆಂದು ಬಣ್ಣವಿಲ್ಲದೆಯೇ ಗೆರೆ ಎಳೆದ ನಾಡು ನಮ್ಮದು.

ಬ್ರಿಟನ್ನಿನಲ್ಲಿ ಮೊದಲು ಕಲಿಯಬೇಕಾದದ್ದು 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಜಾಗ ನಿನ್ನದೇ ಇರಲಿ, ಅದರ ಮೇಲೆ ಕಟ್ಟುವ ಹಕ್ಕು ಅನುಮತಿ ಸಿಕ್ಕಿದ ಮೇಲಷ್ಟೇ ಎಂದು ಅದು ಸಾರಿತು. ನಮ್ಮ ಕರ್ನಾಟಕದ 1961ರ ಕಾಯ್ದೆಯ ಹೆಸರೂ ಅದೇ ಧಾಟಿಯದು. ಆದರೆ ಕಾಯ್ದೆಯ ಪುಸ್ತಕಕ್ಕಿಂತ ನನಗೆ ಪಾಠ ಹೇಳಿದ್ದು ಒಂದು ಹಳದಿ ಕಾಗದ. ನಾನಿದ್ದ ಬೀದಿಯ ಲೈಟು ಕಂಬಕ್ಕೆ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ ಅದನ್ನು ಕಟ್ಟಿದ್ದರು. ಇಂಥ ನಂಬರಿನ ಮನೆಯವರು ಹಿಂಬದಿಗೆ ಒಂದು ಕೋಣೆ ಹೆಚ್ಚಿಸಬೇಕೆಂದಿದ್ದಾರೆ, ಅಭಿಪ್ರಾಯ ಇದ್ದವರು 21 ದಿನದೊಳಗೆ ತಿಳಿಸಿ ಎಂದು. ಒಂದು ಕೋಣೆಗೆ! ನಾನು ಆ ಅರ್ಜಿಯ ನಕ್ಷೆಗಳನ್ನು ನೋಡಿದೆ. ಪಕ್ಕದ ಮನೆಯ ಅಡುಗೆಮನೆ ಕಿಟಕಿಗೆ ಮಧ್ಯಾಹ್ನದ ಬೆಳಕು ಎಷ್ಟು ಕಡಿಮೆಯಾದೀತು ಎಂದು ಗೆರೆ ಎಳೆದು ತೋರಿಸಿದ್ದರು. ಹಾಗೆಂದು ಅಲ್ಲಿ ಎಲ್ಲವೂ ಚೆಂದ ಎಂದಲ್ಲ. ಮನೆಗಳ ಕೊರತೆಯಿಂದ ಬಾಡಿಗೆ ಮುಗಿಲು ಮುಟ್ಟಿರುವ ನಗರ ಅದು, ಇಂಥ ಆಕ್ಷೇಪಣೆಗಳಿಂದಲೇ ಹೊಸ ಮನೆ ಏಳುತ್ತಿಲ್ಲ ಎಂದು ಬೈಯುವವರೂ ಬೇಕಾದಷ್ಟು ಜನ ಇದ್ದಾರೆ.

ತರಗತಿಯ ಕೆಲಸವಾಗಿ ಉತ್ತರ ಲಂಡನ್ನಿನ ಸೆವೆನ್ ಸಿಸ್ಟರ್ಸ್ ಸ್ಟೇಷನ್ನಿಗೆ ಹೋಗಿದ್ದೆವು. ಸ್ಟೇಷನ್ನಿಗೆ ಅಂಟಿಕೊಂಡೇ ಒಂದು ಹಳೆಯ ಕಟ್ಟಡ. ಹಿಂದೊಮ್ಮೆ ದೊಡ್ಡ ಮಳಿಗೆಯಾಗಿದ್ದದ್ದು, ಮುಚ್ಚಿದ ಮೇಲೆ ಲ್ಯಾಟಿನ್ ಅಮೆರಿಕದಿಂದ ಬಂದ ಜನ ಒಳಗೆ ಸಣ್ಣಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಕೊಲಂಬಿಯಾದ ತಿಂಡಿ, ಕ್ಷೌರದಂಗಡಿ, ಊರಿಗೆ ದುಡ್ಡು ಕಳಿಸುವ ಕೌಂಟರು. ಇದನ್ನು ಕೆಡವಿ ಫ್ಲ್ಯಾಟ್ ಕಟ್ಟುವ ಯೋಜನೆ ಬಹಳ ವರ್ಷದಿಂದ ತೂಗುತ್ತಿತ್ತು. ವ್ಯಾಪಾರಿಗಳು, ಸುತ್ತಲಿನ ಜನ ಸುಮ್ಮನೆ ಧಿಕ್ಕಾರ ಕೂಗದೆ ತಮ್ಮದೇ ನಕ್ಷೆ ಮಾಡಿಸಿ, ಕಟ್ಟಡ ಉಳಿಸಿಕೊಂಡೇ ದುರಸ್ತಿ ಮಾಡುವ ಯೋಜನೆಗೆ ಅರ್ಜಿ ಹಾಕಿ, 2014ರಲ್ಲಿ ಅನುಮತಿ ಪಡೆದೇಬಿಟ್ಟರು. ಕೊನೆಗೆ 2021ರಲ್ಲಿ ಬಿಲ್ಡರ್ ಕಂಪನಿ ತಾನೇ ಹಿಂದೆ ಸರಿಯಿತು. ನಮ್ಮ ತಂಡದಲ್ಲಿ ಬೊಗೊಟಾದ ಹುಡುಗಿಯೊಬ್ಬಳಿದ್ದಳು. ತರಗತಿಯಲ್ಲಿ ಇಂಗ್ಲಿಷಿಗೆ ತಡವರಿಸಿ ಹಿಂದಿನ ಸಾಲಿನಲ್ಲಿ ಕೂರುವವಳು. ಅಲ್ಲಿಗೆ ಹೋದೊಡನೆ ಅವಳೇ ಮುಂದೆ. ಅಂಗಡಿಯವರು ಅವಳೊಂದಿಗೆ ಸ್ಪ್ಯಾನಿಷ್‌ನಲ್ಲಿ ಬಾಡಿಗೆ, ಸಾಲ, ಮಕ್ಕಳ ಶಾಲೆ ಎಲ್ಲ ಹೇಳಿಕೊಂಡರು. ಇಂಗ್ಲಿಷರ ಹುಡುಗರು ನೋಟ್‌ಬುಕ್ ಹಿಡಿದು ಅವಳ ಬಾಯಿ ನೋಡುತ್ತ ನಿಂತರು. ಹೊರಗಿನವರು ಅಂದರೆ ಏನೂ ತಿಳಿಯದವರು ಎಂಬ ಹಿಂಜರಿಕೆ ನಮ್ಮಲ್ಲಿ ಅನೇಕರಿಗೆ ಆ ದಿನ ಹೋಯಿತು.

ಇನ್ನು ಕಾಕಾ ಅವರ ಮಾತು. ಜಾನ್ ಟರ್ನರ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ 1950ರ ದಶಕದಲ್ಲಿ ಪೆರು ದೇಶಕ್ಕೆ ಕೆಲಸಕ್ಕೆ ಹೋದರು. ಲೀಮಾ, ಅರೆಕೀಪಾ ನಗರಗಳ ಅಂಚಿನಲ್ಲಿ ಹಳ್ಳಿಯಿಂದ ಬಂದವರು ಮೊದಲು ಚಾಪೆಯ ಗುಡಿಸಲು, ದುಡ್ಡು ಕೂಡಿದಂತೆ ಇಟ್ಟಿಗೆ ಗೋಡೆ, ಆಮೇಲೆ ಮೇಲ್ಮಹಡಿ ಎಂದು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಳ್ಳುವುದನ್ನು ನೋಡಿದರು. ಸರ್ಕಾರ ಕಟ್ಟಿಕೊಟ್ಟ ಮನೆಗಿಂತ ಇವು ಎಷ್ಟೋ ವಾಸಿ, ಸರ್ಕಾರ ಜಾಗದ ಹಕ್ಕು, ನೀರು, ದಾರಿ ಕೊಟ್ಟು ಪಕ್ಕಕ್ಕೆ ಸರಿದರೆ ಸಾಕು ಎಂಬ ತೀರ್ಮಾನಕ್ಕೆ ಬಂದರು. ಇವರೂ ಮುಂದೆ ನಾನು ಓದಿದ ಸಂಸ್ಥೆಯಲ್ಲೇ ಪಾಠ ಮಾಡಿದವರು. ಅವರ ಪುಸ್ತಕ ಓದುವಾಗ ಗದಗಿನ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತ ಕಾಕಾ ಕಂಡಂತಾಯಿತು. ಊರು ತಾನ ಕಟ್ಟಿಕೊಂತೈತಿ. ಫೋನಿನಲ್ಲಿ ಹೇಳಿದೆ, ಕಾಕಾ, ನೀವು ಅಂದದ್ದನ್ನ ಇಲ್ಲಿ ಒಬ್ರು ಪುಸ್ತಕ ಬರದಾರ ಎಂದು. “ಎಷ್ಟು ರೊಕ್ಕ ಕೊಟ್ಟಿ ಅದಕ್ಕ?” ಎಂದರು. ಆದರೂ ನಾನು ಪೂರ್ತಿ ಒಪ್ಪಿಲ್ಲ. ಮನೆಯನ್ನು ಜನ ತಾವೇ ಕಟ್ಟಿಕೊಂಡಾರು. ಚರಂಡಿಯನ್ನು, ಬಸ್ಸಿನ ದಾರಿಯನ್ನು, ಕೆರೆಗೆ ಹೋಗುವ ಕಾಲುವೆಯನ್ನು ಒಬ್ಬೊಬ್ಬರೇ ಕಟ್ಟಿಕೊಳ್ಳಲಾಗದು.

ನನ್ನ ಪ್ರಬಂಧದ ಹೊತ್ತಿಗೆ ಹೊಲದ ಬದುವಿನ ಪ್ರಶ್ನೆಗೆ ಮರಳಿದೆ. ಉತ್ತರ ಸಿಕ್ಕಿದ್ದು ಯಾವ ಹೊಸ ಸಿದ್ಧಾಂತದಲ್ಲೂ ಅಲ್ಲ, 1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆಯಲ್ಲಿ. ಹತ್ತಾರು ಹೊಲದವರ ಜಮೀನನ್ನು ಕಾಗದದ ಮೇಲೆ ಒಟ್ಟು ಮಾಡಬೇಕು. ಬದುಗಳನ್ನು ಅಳಿಸಿ ರಸ್ತೆ, ಪಾರ್ಕು, ಶಾಲೆಗೆ ಬೇಕಾದಷ್ಟು ಜಾಗ ಎಲ್ಲರಿಂದಲೂ ತೆಗೆದು, ಉಳಿದದ್ದನ್ನು ನೇರ ಮಾಡಿ ಅವರವರಿಗೇ ಹಂಚಬೇಕು. ಯಾರ ಹೊಲವೂ ಪೂರ್ತಿ ಹೋಗುವುದಿಲ್ಲ, ಯಾರ ಹೊಲವೂ ಇದ್ದ ಹಾಗೆ ಉಳಿಯುವುದಿಲ್ಲ. ಗುಜರಾತಿನವರು ಈ ಪದ್ಧತಿಯನ್ನು ಬಿಡಲಿಲ್ಲ, ಅಹಮದಾಬಾದಿನ ಎಷ್ಟೋ ಭಾಗ ಹೀಗೆ ಬೆಳೆದಿದೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು, ಅಂದರೆ ಈ ಕಾಯ್ದೆ ನಮ್ಮ ನೆಲದ್ದೂ ಹೌದು. ನಮ್ಮ 1961ರ ಕಾಯ್ದೆಯಲ್ಲೂ ಇದಕ್ಕೆ ಒಂದು ಅಧ್ಯಾಯವೇ ಇದೆ. ಬಳಕೆ ಅಪರೂಪ. ರೈತರನ್ನೆಲ್ಲ ಕೂರಿಸಿಕೊಂಡು ಒಪ್ಪಿಸುವ ತಾಳ್ಮೆ, ಅಳತೆ ಹಿಡಿಯುವ ಸಿಬ್ಬಂದಿ ಬೇಕು, ಅದಿಲ್ಲ. ಒಂದೊಂದೇ ಹೊಲಕ್ಕೆ ಮಂಜೂರಾತಿ ಕೊಡುವುದು ಸುಲಭ.

ಸಿಬ್ಬಂದಿ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯ ಪ್ರಕಾರ ನಮ್ಮ ದೇಶದ 7,933 ಪಟ್ಟಣ, ನಗರಗಳಲ್ಲಿ ಸುಮಾರು ಶೇಕಡಾ 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ ಬೇಕಾದ ನಗರ ಯೋಜಕರು 12,000ಕ್ಕೂ ಹೆಚ್ಚು, ಮಂಜೂರಾದ ಹುದ್ದೆ 4,000ಕ್ಕೂ ಕಡಿಮೆ, ಅದರಲ್ಲೂ ಶೇಕಡಾ 42 ಖಾಲಿ. ಹಲವು ರಾಜ್ಯಗಳಲ್ಲಿ ಆ ಹುದ್ದೆಗೆ ಈ ವಿಷಯ ಓದಿರಲೇಬೇಕೆಂಬ ನಿಯಮವೂ ಇಲ್ಲ. ಬೆಂಗಳೂರಿನ ಉದಾಹರಣೆ ನೋಡಿ. 2007ರಲ್ಲಿ ಜಾರಿಯಾದದ್ದು 2015ನೇ ಇಸವಿಯವರೆಗಿನ ಮಹಾಯೋಜನೆ. 2031ಕ್ಕೆಂದು 2017ರಲ್ಲಿ ಪ್ರಕಟಿಸಿದ ಕರಡನ್ನು ಆಮೇಲೆ ಹಿಂದಕ್ಕೆ ಪಡೆದರು. ಊರು ಕಾಯುವುದಿಲ್ಲ ಎಂದು ಕೊನಿಗ್ಸ್‌ಬರ್ಗರ್ ವಾದಿಸಿದ್ದು ತಾವು ಕೆಲಸ ಮಾಡಿದ ಊರಿಗೇ ಹೇಳಿದ ಹಾಗಿದೆ.

ಆದ್ದರಿಂದ ಓದಿ ಬಂದವರಿಗೆ ಕೆಲಸ ಇಲ್ಲವೇ ಎಂದು ಕೇಳಿದರೆ ಕೆಲಸ ರಾಶಿ ಇದೆ, ಹುದ್ದೆ ಕಡಿಮೆ. ಖಾಸಗಿ ಸಲಹಾ ಕಚೇರಿಗಳು, ಸಾರಿಗೆ, ವಸತಿ, ನೀರಿನ ಬಗ್ಗೆ ಕೆಲಸ ಮಾಡುವ ಸಂಸ್ಥೆಗಳು, ಬೋಧನೆ, ಇವೇ ಸದ್ಯದ ದಾರಿಗಳು. ಸಂಬಳ ಸಾಫ್ಟ್‌ವೇರಿನವರದ್ದಕ್ಕೆ ಸಾಟಿಯಲ್ಲ, ತಂದೆತಾಯಿಗಳು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಲಂಡನ್ನಿಗೇ ಹೋಗಬೇಕೆಂದೂ ಇಲ್ಲ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಇದೆ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಇದೆ, ನಮ್ಮ ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯನ್ನು ಬಹುಕಾಲದಿಂದ ಕಲಿಸುತ್ತಿದ್ದಾರೆ. ಹೊರಗೆ ಹೋದರೆ ಹತ್ತು ದೇಶದವರ ಜೊತೆ ಕೂತು, ಅವರೆಲ್ಲರ ಊರಿನ ಗೋಳು ಕೇಳುವ ಅವಕಾಶ ಸಿಗುತ್ತದೆ. ಅದು ದೊಡ್ಡದೇ. ಆದರೆ ಅದಕ್ಕಾಗಿ ಮನೆ ಮಾರಬೇಕಾಗಿಲ್ಲ.

ಈ ವರ್ಷ ಅರ್ಜಿ ಹಾಕಬೇಕೆಂದಿರುವವರಿಗೆ ಒಂದೇ ವಿನಂತಿ. ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಪಟ್ಟಿ ತೆರೆಯುವ ಮೊದಲು ನಿಮ್ಮ ಊರಿನ ನಗರಾಭಿವೃದ್ಧಿ ಪ್ರಾಧಿಕಾರಕ್ಕೋ ಯೋಜನಾ ಪ್ರಾಧಿಕಾರಕ್ಕೋ ಹೋಗಿ, ನಮ್ಮ ಊರಿನ ಮಾಸ್ಟರ್ ಪ್ಲಾನ್ ನಕ್ಷೆ ತೋರಿಸಿ ಎಂದು ಕೇಳಿ. ಅದು ಸಾರ್ವಜನಿಕ ದಾಖಲೆ. ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ಹಸಿರು ಅಂದರೆ ಉದ್ಯಾನ. ನಿಮ್ಮ ಮನೆ ಯಾವ ಬಣ್ಣದಲ್ಲಿದೆ, ನಕ್ಷೆಯ ಹಸಿರಿನ ಮೇಲೆ ನೆಲದಲ್ಲಿ ಈಗ ಏನಿದೆ ಎಂದು ಒಂದು ಸಂಜೆ ನಡೆದು ನೋಡಿ. ಎರಡಕ್ಕೂ ತಾಳೆಯಾಗದ ಒಂದು ಜಾಗ ಸಿಕ್ಕೇ ಸಿಗುತ್ತದೆ. ಅದರ ಬಗ್ಗೆ ಎರಡು ಪುಟ ಬರೆಯಿರಿ, ಮೊದಲು ಕನ್ನಡದಲ್ಲಿ, ನಿಮ್ಮ ಮನೆಯವರಿಗೆ ಅರ್ಥವಾಗುವಂತೆ. ಅರ್ಜಿಯ ಇಂಗ್ಲಿಷ್ ಆಮೇಲೆ ನೋಡಿಕೊಂಡರಾಯಿತು.